ಭಟ್ಟಿಯೊಳಗೆ ಹಪ್ಪಳ

ನಾಗಪುರದ ಅಂಚಿನ ವಾಡಿಯ ಆ ಶೆಡ್ಡಿನಲ್ಲಿ ಮಧ್ಯಾಹ್ನದ ಬುತ್ತಿ ಡಬ್ಬಿಗಳಿಗೂ ಹಿರಿತನವಿತ್ತು. ಹನ್ನೆರಡೂವರೆಗೆ ಭಟ್ಟಿಯ ಸ್ವಿಚ್ಚು ಆರಿಸಿ, ಲೇಪ ಬಳಿದು ಬೇಯಿಸಿದ ಉಕ್ಕಿನ ಪಿನ್ನುಗಳನ್ನು ಹೊರಗೆ ತೆಗೆದು, ಥಿನ್ನರಿನ ವಾಸನೆ ಹೋಗುವವರೆಗೆ ಕದ ತೆರೆದಿಟ್ಟು, ಆಮೇಲೆ ಉಳಿದ ಕಾವಿನಲ್ಲಿ ಡಬ್ಬಿಗಳನ್ನು ಒಳಗಿಡುವುದು ರೂಢಿ. ಮಾಲೀಕ ರಾಮಲಿಂಗಪ್ಪನವರ ಡಬ್ಬಿ ತೀರ ಹಿಂದೆ, ಕಾವು ಕೊಡುವ ಕಾಯಿಲ್ ಇರುವ ಗೋಡೆಗೆ ಆತುಕೊಂಡು. ಸ್ಪ್ರೇ ಹೊಡೆಯುವ ಗಿರಿಧರನದು ನಟ್ಟನಡುವೆ. ಎಂಟು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ ಶಾಂಭವಿಯದು ಕದದ ಬುಡದಲ್ಲಿ. ಯಾರೂ ಹೀಗೆ ಇಡಬೇಕು ಅಂತ ಹೇಳಿರಲಿಲ್ಲ. ಮೊದಲ ದಿನ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಇಟ್ಟಿದ್ದಳು, ಅದೇ ಅವಳ ಜಾಗವಾಗಿಬಿಟ್ಟಿತು.

ಅರ್ಧ ಗಂಟೆ ಬಿಟ್ಟು ಕದ ತೆಗೆದರೆ ರಾಮಲಿಂಗಪ್ಪನವರ ರೊಟ್ಟಿ ಮುರಿದರೆ ಪಕ್ಕದ ಗೋಡೌನಿಗೂ ಕೇಳುವಷ್ಟು ಖಡಕ್ ಆಗಿರುತ್ತಿತ್ತು. ಅವರಿಗೆ ಅದೇ ಇಷ್ಟ. ಗಿರಿಧರನ ಅನ್ನದಿಂದ ಹಬೆ ಏಳುತ್ತಿತ್ತು. ಶಾಂಭವಿಯ ಅನ್ನ ಮಾತ್ರ ಜನವರಿಯ ನಾಗಪುರದ ಚಳಿಯನ್ನೆಲ್ಲ ತಾನೊಂದೇ ಕುಡಿದ ಹಾಗೆ ತಣ್ಣಗೆ.

"ಬಿಸಿ ಆಗೇತೇನವಾ?" ಎಂದು ರಾಮಲಿಂಗಪ್ಪನವರು ದಿನವೂ ಕೇಳುತ್ತಿದ್ದರು.

"ಬಿಸಿ ಐತ್ರಿ ಕಾಕಾ," ಎಂದು ಅವಳು ದಿನವೂ ಹೇಳುತ್ತಿದ್ದಳು.

ಎಂಟು ತಿಂಗಳಲ್ಲಿ ಅವಳು ಆ ಶೆಡ್ಡಿನಲ್ಲಿ ಆಡಿದ ಮಾತುಗಳಲ್ಲಿ ಅರ್ಧದಷ್ಟು ಈ ಸುಳ್ಳೇ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಪ್ಪ ಮರಿಯಪ್ಪ ವಿಜಯಪುರದ ಕಡೆಯಿಂದ ಲಾರಿಯ ಜೊತೆ ವಾಡಿಗೆ ಬಂದು ನೆಲೆಸಿದವನು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಟ್ಟದ್ದು, ಆಮೇಲೆ ಮೂರು ವರ್ಷ ಬೇಕರಿಯೊಂದರಲ್ಲಿ ಖಾರಿ ಬಿಸ್ಕೀಟು ತುಂಬಿದ್ದು. ಅಲ್ಲಿ ದಿನವಿಡೀ ಬೈಗುಳ. ಇಲ್ಲಿ ಯಾರೂ ಬೈಯುತ್ತಿರಲಿಲ್ಲ, ಎಷ್ಟನೇ ಇಯತ್ತೆ ಓದಿದೆ ಅಂತ ಕೇಳುತ್ತಲೂ ಇರಲಿಲ್ಲ. ಪಿನ್ನು ತೂಗುಹಾಕುವುದು, ಬೆಂದ ಮೇಲೆ ಇಳಿಸುವುದು. ಕೈ ಕೆಲಸ ಮಾಡುತ್ತಿದ್ದರೆ ಕಣ್ಣು ಎಲ್ಲಾದರೂ ಅಡ್ಡಾಡಬಹುದು. ಅವಳ ಕಣ್ಣಿಗೆ ಅಡ್ಡಾಡುವ ಚಟ ಬಹಳ.

ಅವರು ಬಳಿಯುತ್ತಿದ್ದದ್ದು ಒಂದು ಕರಿ ಲೇಪ. ಸಾವನೇರ್ ಕಡೆಯ ಕಲ್ಲಿದ್ದಲ ಗಣಿಗಳ ಯಂತ್ರಗಳಿಗೆ ಗ್ರೀಸು ಹಚ್ಚಿದರೆ ಕಲ್ಲಿದ್ದಲಿನ ಧೂಳು ಬಂದು ಅದಕ್ಕೆ ಅಂಟಿಕೊಂಡು, ಜಾರಬೇಕಾದದ್ದೇ ಉಜ್ಜುಕಾಗದ ಆಗಿಬಿಡುತ್ತದೆ. ಅದಕ್ಕೇ ಎಣ್ಣೆಯಿಲ್ಲದೆ ಒಣಗಿದ್ದೂ ಜಾರುವಂಥ ಲೇಪ ಬೇಕು. ಮೋಲಿ ಎಂದು ಕರೆಯುವ ಕರಿ ಪುಡಿಯನ್ನು ಅಂಟಿನಲ್ಲಿ ಕಲಸಿ, ಮರಳು ಹೊಡೆದು ಒರಟು ಮಾಡಿದ ಉಕ್ಕಿನ ಪಿನ್ನುಗಳ ಮೇಲೆ ಗಿರಿಧರ ಸ್ಪ್ರೇ ಹೊಡೆಯುತ್ತಿದ್ದ. ಶಾಂಭವಿ ಅವನ್ನು ತಂತಿಗೆ ಸಿಕ್ಕಿಸಿ ಭಟ್ಟಿಯೊಳಗೆ ತೂಗುಹಾಕುತ್ತಿದ್ದಳು. ಕಾವಿನ ಮೀಟರಿನ ಮುಳ್ಳು ಇನ್ನೂರು ಡಿಗ್ರಿ ತೋರಿಸಿದ ಮೇಲೆ ಒಂದು ಗಂಟೆ. ಅಂಟು ಗಟ್ಟಿಯಾಗಿ ಪುಡಿಯನ್ನು ಹಿಡಿದುಕೊಂಡರೆ ಲೇಪ ಪಾಸು.

ಪಾಸೋ ಫೇಲೋ ಎಂದು ಹೇಳುತ್ತಿದ್ದದ್ದು ಕಿರುಚವ್ವ. ಕಿರುಚವ್ವ ಎಂದರೆ ಹಳೆಯ ಗ್ರೈಂಡರಿನ ಮೋಟಾರಿಗೆ ಎರಡು ಕಬ್ಬಿಣದ ದವಡೆ ಜೋಡಿಸಿ ರಾಮಲಿಂಗಪ್ಪನವರೇ ಕಟ್ಟಿದ ಯಂತ್ರ. ದವಡೆಯ ನಡುವೆ ಪಿನ್ನು ಇಟ್ಟು, ಐದು ಕಿಲೋ ತೂಕದ ಕಲ್ಲು ಕಟ್ಟಿ ತಿರುಗಿಸಿದರೆ, ಲೇಪ ಇರುವವರೆಗೆ ಗುಂಯ್ ಎಂದು ಸುಮ್ಮನೆ ತಿರುಗುತ್ತದೆ. ಲೇಪ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗಿದ ಕ್ಷಣ ಕಿರುಚಿಕೊಳ್ಳುತ್ತದೆ. ಆ ಕಿರುಚಾಟಕ್ಕೆ ಅಮರಾವತಿ ರಸ್ತೆಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಗಣಿ ಯಂತ್ರಗಳ ರಿಪೇರಿ ಮಾಡುವ ಕಂಪನಿಯ ಕುಮುದಾ ಮ್ಯಾಡಮ್ ಶನಿವಾರ ಬರುವವರಿದ್ದರು. ತಮ್ಮ ಕೈಯಾರೆ ಆರಿಸಿದ ಪಿನ್ನು ಒಂದು ಗಂಟೆ ಕಿರುಚದೆ ತಿರುಗಿದರೆ ಆರ್ಡರು. ತೊಂದರೆಯೇನೆಂದರೆ, ಒಂದು ಪಿನ್ನು ಎರಡು ಗಂಟೆ ತಿರುಗಿದರೆ ಅದರ ಜೊತೆಗೇ ಬೆಂದ ಇನ್ನೊಂದು ಹನ್ನೆರಡೇ ನಿಮಿಷಕ್ಕೆ ಕಿರುಚುತ್ತಿತ್ತು. ಶುಕ್ರವಾರ ಊಟದ ಹೊತ್ತಿಗೂ ಅದೇ ಜಗಳ.

"ಪುಡೀನ ಖೋಟಾ ಐತಿ," ಎಂದರು ರಾಮಲಿಂಗಪ್ಪ.

"ಪುಡಿ ಬರೋಬರ್ ಐತ್ರಿ ಕಾಕಾ. ಒರಟು ಮಾಡೂ ಮರಳು ಹಳೇದಾಗೇತಿ," ಎಂದ ಗಿರಿಧರ.

"ಮರಳು ಹಳೇದಾಗಿದ್ರ ಎಲ್ಲಾ ಪಿನ್ನೂ ಕಿರುಚಬೇಕಲ್ಲಲೇ!"

"ಪುಡಿ ಖೋಟಾ ಇದ್ರೂ ಎಲ್ಲಾ ಕಿರುಚಬೇಕಲ್ರಿ!"

ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸಿ ಸುಮ್ಮನಾದರು. ರಾಮಲಿಂಗಪ್ಪನವರು ರೊಟ್ಟಿಯನ್ನು ಕಟಕ್ಕನೆ ಮುರಿದರು. "ಕೇಳ್ರಿ ಇಬ್ರೂ. ನಾಳೆ ಕಿರುಚವ್ವ ಬಾಯಿ ತಗದ್ಲೋ, ಈ ಭಟ್ಟಿ ಮಾರಿ ಬಿಡತೀನಿ. ಬಾಜೂ ಗೋಡೌನಿನಾಂವ ಶೆಡ್ ಕೇಳಾಕತ್ಯಾನ, ಕೊಟ್ಟು ಮನ್ಯಾಗ ಕುಂದರತೀನಿ. ರಿಟೈರ್ ಆದಾಂವ ರಿಟೈರ್ ಆದಾಂವನಂಗ ಇರಬೇಕು."

ಶಾಂಭವಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಭಟ್ಟಿ ಹೋದರೆ ಮತ್ತೆ ಬೇಕರಿ, ಮತ್ತೆ ಆ ಬೈಗುಳ. ಅವಳು ಭಟ್ಟಿಯ ಕಡೆ ನೋಡಿದಳು. ಆಮೇಲೆ ರಾಮಲಿಂಗಪ್ಪನವರ ಸುಟ್ಟ ಅಂಚಿನ ರೊಟ್ಟಿಯನ್ನು. ಆಮೇಲೆ ಗಿರಿಧರನ ಹಬೆಯಾಡುವ ಅನ್ನವನ್ನು. ಆಮೇಲೆ ತನ್ನ ಡಬ್ಬಿಯಲ್ಲಿ ಗಡ್ಡೆಗಟ್ಟಿದ ಅನ್ನವನ್ನು. ಕೊನೆಗೆ ತನ್ನ ಎಡ ಅಂಗೈಯನ್ನು.

ದಿನವೂ ಪಿನ್ನು ಇಳಿಸುವವಳು ಅವಳೇ. ಕದದ ಬಳಿಯ ಪಿನ್ನು ಮುಟ್ಟಿದರೆ ಅಂಗೈ ಕಾಡಿಗೆಯಾಗುತ್ತಿತ್ತು. ಹಿಂದಿನ ಸಾಲಿನವು ಬೂದಿಯಂಥ ಪುಡಿ ಉದುರಿಸುತ್ತಿದ್ದವು. ನಡುವಿನವು ಏನನ್ನೂ ಅಂಟಿಸುತ್ತಿರಲಿಲ್ಲ. ಇಳಿಸಿದ ಮೇಲೆ ಎಲ್ಲವೂ ಒಂದೇ ಬುಟ್ಟಿಗೆ ಬಿದ್ದು ಕಲೆತುಹೋಗುತ್ತಿದ್ದವು. ಹಿಂದೆ ಖಡಕ್, ನಡುವೆ ಹಬೆ, ಮುಂದೆ ತಣ್ಣಗೆ!

ಅವಳಿಗೆ ನಗು ಬಂತು. ಎಂಥ ನಗುವೆಂದರೆ ಅನ್ನದ ಅಗಳು ಮೂಗಿಗೇರಿ, ಕಣ್ಣಲ್ಲಿ ನೀರು ಬಂದು, ಕೆಮ್ಮುತ್ತ ಎದ್ದುಬಿಟ್ಟಳು. ಗಿರಿಧರ ನೀರಿನ ಬಾಟಲಿ ಮುಂದೆ ಹಿಡಿದ. "ಭಟ್ಟಿ ಮಾರತಾರ ಅಂದ್ರ ಈಕಿಗೆ ಎಷ್ಟು ಸಂತೋಷ ನೋಡ್ರಿ ಕಾಕಾ!"

ಹೇಳಬೇಕೆಂದು ಬಾಯಿ ತೆರೆದಳು. ಮಾತು ಮೋಲಿ ಬಳಿದ ಹಾಗೆ ನಾಲಿಗೆಯ ಮೇಲಿಂದ ಜಾರಿ ಹೊಟ್ಟೆಗಿಳಿಯಿತು. ಮೂವತ್ತೆಂಟು ವರ್ಷ ಸರಕಾರಿ ಕಾರ್ಖಾನೆಯಲ್ಲಿ ಭಟ್ಟಿ ಕಾದವರ ಮುಂದೆ, ನಿಮ್ಮ ಭಟ್ಟಿ ಸರಿಯಿಲ್ಲ ಅಂತ ಅವಳು ಹೇಗೆ ಹೇಳಿಯಾಳು?

ಅವರಿಬ್ಬರೂ ಜಗಳದ ಉಳಿದ ಭಾಗವನ್ನು ಮುಗಿಸಲು ಚಹಾದಂಗಡಿಗೆ ಹೋದದ್ದೇ ತಡ, ಶಾಂಭವಿ ಶೆಡ್ಡಿನ ಹಿಂದಿನ ಮನೆಗೆ ಓಡಿದಳು. ರಾಮಲಿಂಗಪ್ಪನವರ ಹೆಂಡತಿ ಜಯವ್ವ ಬಿಸಿಲಿಗೆ ಬೆನ್ನು ಕೊಟ್ಟು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಕಾಕೂ, ಹಪ್ಪಳ ಕೊಡ್ರಿ."

"ತಗೋವಾ. ಎಷ್ಟು, ಎರಡು?"

"ಇಪ್ಪತ್ನಾಕು."

ಜಯವ್ವನ ಕೈಯ ಸೊಪ್ಪು ಕೆಳಗೆ ಬಿತ್ತು. "ಯಾರದವಾ ಲಗ್ನ?"

ಶಾಂಭವಿ ಶೆಡ್ಡಿನ ಕಡೆ ಕೈ ತೋರಿಸಿದಳು. ಎಂಟು ತಿಂಗಳಲ್ಲಿ ಏನನ್ನೂ ಕೇಳದ ಹುಡುಗಿ ಒಮ್ಮೆಲೇ ಇಪ್ಪತ್ನಾಲ್ಕು ಹಪ್ಪಳ ಕೇಳಿದರೆ ಯಾರಿಗಾದರೂ ಕುತೂಹಲವಾದೀತು. ಹೋದ ಬೇಸಿಗೆಯಲ್ಲಿ ಇದೇ ಶೆಡ್ಡಿನ ತಗಡಿನ ಮೇಲೆ ಒಣಗಿಸಿದ ಉದ್ದಿನ ಹಪ್ಪಳದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಜಯವ್ವ ತಾವೇ ಬಂದರು. ಶಾಂಭವಿ ಭಟ್ಟಿ ಹೊತ್ತಿಸಿ, ಮುಳ್ಳು ಇನ್ನೂರಕ್ಕೆ ಬರುವುದನ್ನು ಕಾದು, ಮೂರು ಜಾಲರಿಗಳ ಮೇಲೆ ಎಂಟೆಂಟು ಹಪ್ಪಳ ಹರಡಿದಳು. ಹಿಂದೆ, ನಡುವೆ, ಕದದ ಬಳಿ, ಒಂದು ಜಾಗವನ್ನೂ ಬಿಡಲಿಲ್ಲ.

"ಇವನ್ನ ತಿನಬಾರದ್ರಿ ಕಾಕೂ. ಥಿನ್ನರ್ ವಾಸನಿ ಹಿಡೀತಾವು."

"ತಿನಬಾರದ? ಅಂದ್ರ ನನ್ನ ಹಪ್ಪಳ ಏನು ಪೂಜಾ ಮಾಡಾಕ ಇಟ್ಟಿ?"

ಶಾಂಭವಿ ಕದ ಮುಚ್ಚಿ ಗೋಡೆಯ ಗಡಿಯಾರ ನೋಡತೊಡಗಿದಳು. ಹತ್ತು ನಿಮಿಷ. ಹತ್ತನೆಯ ನಿಮಿಷಕ್ಕೆ ಸರಿಯಾಗಿ ಬಾಗಿಲಲ್ಲಿ ರಾಮಲಿಂಗಪ್ಪನವರ ಮೂಗು ಮೊದಲು ಬಂತು, ಅವರು ಆಮೇಲೆ ಬಂದರು, ಅವರ ಹಿಂದೆ ಗಿರಿಧರ.

"ನನ್ನ ಭಟ್ಟ್ಯಾಗ ಹಪ್ಪಳದ ವಾಸನಿ ಯಾಕ ಬರಾಕತ್ತೈತಿ?"

ಅವರೇ ಕದ ಎಳೆದರು. ಹಿಂದಿನ ಸಾಲಿನ ಹಪ್ಪಳಗಳು ಇದ್ದಿಲಾಗಿ ಹೊಗೆಯುಗುಳುತ್ತಿದ್ದವು. ನಡುವಿನವು ಹೊನ್ನಿನ ಬಣ್ಣಕ್ಕೆ ತಿರುಗಿ, ಮೈತುಂಬ ಗುಳ್ಳೆಯೆದ್ದು, ಮದುವೆಯ ಊಟಕ್ಕೆ ಬಡಿಸಬಹುದಾಗಿತ್ತು. ಕದದ ಬಳಿಯವು ಹೇಗಿಟ್ಟಿದ್ದಳೋ ಹಾಗೇ, ಹಸಿ. ಜಯವ್ವ ಅದರಲ್ಲೊಂದನ್ನು ಎತ್ತಿದರು. ಅದು ಒದ್ದೆ ಬಟ್ಟೆಯ ಹಾಗೆ ಬಾಗಿತು.

"ಏನ್ರೀ ಇದು! ಇದರಾಗ ಇನ್ನೂರು ಡಿಗ್ರಿ ಐತಿ ಅಂತ ಊರಿಗೆಲ್ಲಾ ಹೇಳಿಕೋತ ಅಡ್ಡಾಡತೀರಿ! ನನ್ನ ಒಲಿ ಇದಕ್ಕಿಂತ ಛಲೋ ಐತಿ!"

ರಾಮಲಿಂಗಪ್ಪನವರು ಮುಳ್ಳು ನೋಡಿದರು, ಹಪ್ಪಳ ನೋಡಿದರು, ಮತ್ತೆ ಮುಳ್ಳು ನೋಡಿದರು. ಮುಳ್ಳು ಇನ್ನೂರಕ್ಕೇ ನಿಂತಿತ್ತು. ಅದರ ತಂತಿ ಒಳಗೆ ಎಲ್ಲಿ ಸಿಕ್ಕಿಸಿದೆಯೋ ಅಲ್ಲಿಯ ಸುದ್ದಿಯಷ್ಟೇ ಅದಕ್ಕೆ ಗೊತ್ತು. ಅದನ್ನು ಸಿಕ್ಕಿಸಿದ್ದು ನಟ್ಟನಡುವೆ.

"ಪಿನ್ನೂ ಹಿಂಗ ಬೇಯ್ತಾವ್ರಿ ಕಾಕಾ," ಎಂದಳು ಶಾಂಭವಿ. ಎಲ್ಲರೂ ತಿರುಗಿ ನೋಡಿದಾಗ ಓಡಿಹೋಗೋಣ ಅನ್ನಿಸಿತು, ಆದರೆ ಓಡಿದ್ದು ಪಿನ್ನುಗಳ ಕಡೆಗೆ. ಆ ದಿನದ ಪಿನ್ನುಗಳನ್ನು ಇನ್ನೂ ಬುಟ್ಟಿಗೆ ಸುರಿದಿರಲಿಲ್ಲ, ಇಳಿಸಿದ ಸಾಲಿನಲ್ಲೇ ಇದ್ದವು. ಪ್ರತಿ ಸಾಲಿನಿಂದ ಒಂದೊಂದು ತಂದು, ಬಿಳಿ ಬಟ್ಟೆಗೆ ಥಿನ್ನರು ಹಾಕಿ ಉಜ್ಜಿದಳು. ಕದದ ಬಳಿಯದು ಬಟ್ಟೆಯನ್ನು ಮಸಿಯಾಗಿಸಿತು, ಅಂಟು ಗಟ್ಟಿಯಾಗಿರಲಿಲ್ಲ. ಹಿಂದಿನದರಿಂದ ಬೂದಿ ಉದುರಿತು, ಅಂಟು ಸುಟ್ಟು ಹೋಗಿತ್ತು. ನಡುವಿನದನ್ನು ಉಜ್ಜೀ ಉಜ್ಜೀ ಬಟ್ಟೆ ಹರಿಯುವ ಹಾಗಾಯಿತು, ಮಸಿ ಮಾತ್ರ ಬಿಡಲಿಲ್ಲ.

ರಾಮಲಿಂಗಪ್ಪನವರು ಹಣೆ ಬಡಿದುಕೊಂಡು ನಗಲು ಸುರು ಮಾಡಿದರು. "ನನ್ನ ರೊಟ್ಟಿ ಖಡಕ್ ಆಗತಿತ್ತು, ಭಟ್ಟೀನ ಖಡಕ್ ಐತಿ ಅಂತ ತಿಳಿದಿದ್ನೆಲ್ಲೋ ಗಿರ‍್ಯಾ!"

"ನನ್ನ ಅನ್ನ ಬರೋಬರ್ ಆಗತಿತ್ರಿ. ನನಗ ಏನು ಗೊತ್ತು?"

ಆ ಮಧ್ಯಾಹ್ನ ನಾಲ್ವರೂ ಹುಚ್ಚು ಹಿಡಿದವರ ಹಾಗೆ ಕೆಲಸ ಮಾಡಿದರು. ಕದದ ಸಂದು ಮುಚ್ಚುವ ಅಂಚಿನ ಹಗ್ಗ ಸವೆದು ಗಾಳಿ ನುಗ್ಗುತ್ತಿತ್ತು, ಅದನ್ನು ಬದಲಿಸಿದರು. ಹೊಸದಾಗಿ ಸ್ಪ್ರೇ ಹೊಡೆದ ಪಿನ್ನುಗಳನ್ನು ನಡುವಿನ ಜಾಗದಲ್ಲಿ ಮಾತ್ರ ತೂಗುಹಾಕಿ, ಒಂದು ಸಲಕ್ಕೆ ಹನ್ನೆರಡರಂತೆ ಎರಡು ಸಲ ಬೇಯಿಸಿದರು. ಹಸಿಯವನ್ನೂ ಸುಟ್ಟವನ್ನೂ ಶಾಂಭವಿ ಬೇರೆ ಬೇರೆ ಗೊಂಚಲು ಕಟ್ಟಿ ಗೋಡೆಯ ಮೊಳೆಗಳಿಗೆ ನೇತುಹಾಕಿದಳು. ಜಯವ್ವ ಉಳಿದ ಹಪ್ಪಳದ ಡಬ್ಬಿಯನ್ನು ಮನೆಗೆ ಒಯ್ದು ಟ್ರಂಕಿನೊಳಗಿಟ್ಟು ಬೀಗ ಹಾಕಿದರು.

ಶನಿವಾರ ಹನ್ನೊಂದಕ್ಕೆ ಬಜಾಜ್ ನಗರದ ಕಡೆಯಿಂದ ಸ್ಕೂಟರಿನಲ್ಲಿ ಬಂದರು ಕುಮುದಾ ಮ್ಯಾಡಮ್. ಹೆಲ್ಮೆಟ್ಟು, ಅದರೊಳಗೆ ಮಫ್ಲರು, ಮಫ್ಲರಿನೊಳಗೆ ಗಂಟಿಕ್ಕಿದ ಮುಖ. ಹಿಂದಿಯಲ್ಲಿ ಒಂದೇ ಮಾತು: "ಮಶೀನ್ ಕಿಧರ್ ಹೈ?"

"ಮಾರಿ ನೋಡಿದ್ರ ನಮ್ಮನ್ನ ಫೇಲ್ ಮಾಡಾಕಂತನ ಹುಟ್ಟ್ಯಾಳ ಅನಸತೈತಿ," ಎಂದು ರಾಮಲಿಂಗಪ್ಪನವರು ಮುಗುಳ್ನಗುತ್ತಲೇ ಗಿರಿಧರನಿಗೆ ಹೇಳಿದರು.

ಮೇಜಿನ ಮೇಲೆ ಇಪ್ಪತ್ನಾಲ್ಕು ಪಿನ್ನುಗಳು ತಟ್ಟೆಯಲ್ಲಿ ಮದುಮಕ್ಕಳ ಹಾಗೆ ಕುಳಿತಿದ್ದವು. ಜಯವ್ವ ತಟ್ಟೆಯ ಅಂಚಿಗೆ ಎರಡು ಚೆಂಡುಹೂ ಬೇರೆ ಇಟ್ಟಿದ್ದರು. ಮ್ಯಾಡಮ್ ತಟ್ಟೆಯನ್ನು ನೋಡಿದರು, ಹೂವನ್ನು ನೋಡಿದರು, ಅಲ್ಲಿಂದ ನೇರವಾಗಿ ಗೋಡೆಯ ಕಡೆ ಹೋಗಿ ಎಡಮೊಳೆಯ ಗೊಂಚಲಿನಿಂದ ಒಂದು ಪಿನ್ನು ಬಿಚ್ಚಿಕೊಂಡರು. "ಯೇ ವಾಲಾ ಲಗಾವೋ." ಹೂವಿಟ್ಟು ತೋರಿಸಿದ್ದನ್ನು ತಾವೆಂದೂ ಆರಿಸುವುದಿಲ್ಲ ಎಂದೂ ಸೇರಿಸಿದರು.

ಗಿರಿಧರ ಕಣ್ಣು ಮುಚ್ಚಿಕೊಂಡ. ಪಿನ್ನು ಕಿರುಚವ್ವನ ದವಡೆಯ ಹತ್ತಿರ ಹೋಯಿತು. ಇನ್ನೊಂದು ಗಳಿಗೆ, ಅಷ್ಟೇ, ಭಟ್ಟಿ ಗೋಡೌನಿನವನ ಪಾಲು.

"ಅದು ಹಸಿ ಐತ್ರೀ!"

ತಗಡಿನ ಮಾಡು ಆ ಕೂಗನ್ನು ಎರಡು ಸಲ ಹೇಳಿತು. ಕೂಗಿದ್ದು ತಾನೇ ಎಂದು ಶಾಂಭವಿಗೆ ಗೊತ್ತಾದದ್ದು ಎಲ್ಲರೂ ತನ್ನತ್ತ ನೋಡಿದ ಮೇಲೆ.

ಮ್ಯಾಡಮ್ ನಿಧಾನಕ್ಕೆ ತಿರುಗಿದರು. "ಹಸಿ ಅಂದ್ರ?"

ಕನ್ನಡ! ರಾಮಲಿಂಗಪ್ಪನವರು ಗಿರಿಧರನ ಬೆನ್ನ ಹಿಂದೆ ಸರಿದರು.

"ನಮ್ಮಪ್ಪ ಧಾರವಾಡದಾಂವ. ರೇಲ್ವೇದಾಗ ಇಲ್ಲಿಗೆ ಬಂದಾಂವ," ಎಂದರು ಮ್ಯಾಡಮ್. "ನನ್ನ ಮಾರಿ ಬಗ್ಗೆ ಆಮ್ಯಾಲೆ ಮಾತಾಡೂಣು ಕಾಕಾ. ಹೇಳವಾ ತಂಗಿ, ಹಸಿ ಅಂದ್ರ ಏನು?"

"ಕದದ ಹಂತ್ಯಾಕ ಬೆಂದದ್ರಿ. ಕಾವು ಸಾಲಲಿಲ್ಲ. ಹನ್ನೆರಡು ನಿಮಿಷಕ್ಕ ಕಿರುಚತೈತಿ."

"ಹನ್ನೆರಡು ನಿಮಿಷಕ್ಕ? ಇಷ್ಟು ಬರೋಬರ್ ಹೇಳತೀ? ಹಂಗಾದ್ರ ಇದನ್ನ ಹಚ್ಚೂಣು. ನೋಡೇ ಬಿಡೂಣು."

ಪಿನ್ನು ದವಡೆಗೆ ಹೋಯಿತು. ಕಲ್ಲು ತೂಗಿತು. ಕಿರುಚವ್ವ ಗುಂಯ್ ಎಂದಳು. ಹತ್ತು ನಿಮಿಷ. ಹನ್ನೊಂದು. ಹನ್ನೆರಡಾಯಿತು, ಕಿರುಚಲಿಲ್ಲ. ಲೋಕದಲ್ಲಿ ಪಿನ್ನು ಕಿರುಚಲಿ ಎಂದು ಹರಕೆ ಹೊತ್ತವಳು ಅವಳೊಬ್ಬಳೇ ಇರಬೇಕು. ಹನ್ನೆರಡೂವರೆ. "ಕಿರುಚ, ನಮ್ಮವ್ವಾ," ಎಂದು ಗಿರಿಧರ ಕೈ ಮುಗಿದ. ಹದಿಮೂರಕ್ಕೆ ಎರಡು ಸೆಕೆಂಡು ಇದ್ದಾಗ ಕಿರುಚವ್ವ ಬಾಯಿ ತೆರೆದಳು, ಅದೂ ಎಂಥ ಬಾಯಿ! ರಾಮಲಿಂಗಪ್ಪನವರು ಕುಣಿದರು. ಜಯವ್ವ ಚಪ್ಪಾಳೆ ತಟ್ಟಿದರು. ಹೊರಗೆ ನಾಯಿಗಳು ಬೊಗಳಿದವು.

"ಫೇಲ್ ಆದ್ರ ಕುಣಿಯೂ ಫ್ಯಾಕ್ಟರಿ ನಾ ಇದ ಮೊದಲ ನೋಡಿದ್ದು," ಎಂದರು ಮ್ಯಾಡಮ್. ಅವರ ಗಂಟು ಸ್ವಲ್ಪ ಸಡಿಲಾಗಿತ್ತು. ಬಲಮೊಳೆಯಿಂದ ಇನ್ನೊಂದು ಬಿಚ್ಚಿದರು. "ಇದು?"

"ಸುಟ್ಟದ್ದು ರೀ. ಅರ್ಧ ತಾಸು. ಅದಕ್ಕಿಂತ ಕಡಿಮಿ ಬೇಕಾದ್ರ ಆದೀತು."

ಇಪ್ಪತ್ತೆಂಟನೆಯ ನಿಮಿಷಕ್ಕೆ ಕಿರುಚಿತು. ಈ ಸಲ ಮ್ಯಾಡಮ್ ಕೂಡ ಕೈ ಮೇಲೆತ್ತಿ, ಎತ್ತಿದ್ದು ನೆನಪಾಗಿ ಮಫ್ಲರು ಸರಿಮಾಡಿಕೊಂಡರು. ಮೂರನೆಯದನ್ನು ತಟ್ಟೆಯಿಂದಲೇ ತೆಗೆದರು.

"ಇದಕ್ಕ ಎಷ್ಟು ಹೇಳತೀ?"

"ಗೊತ್ತಿಲ್ರಿ," ಎಂದಳು ಶಾಂಭವಿ. "ಬರೋಬರ್ ಬೆಂದದ್ದು ಎಷ್ಟು ತಿರಗತೈತಿ ಅಂತ ನಾ ಇನ್ನೂ ಪೂರಾ ನೋಡಿಲ್ಲ. ಎರಡು ತಾಸಿಗೆ ಕಾಕಾ ಬಂದ್ ಮಾಡಿ ಬಿಡತಾರ."

ಒಂದು ಗಂಟೆ ದಾಟಿತು. ಆರ್ಡರಿಗೆ ಅಷ್ಟೇ ಸಾಕಾಗಿತ್ತು, ಆದರೆ ಯಾರಿಗೂ ನಿಲ್ಲಿಸುವ ಮನಸ್ಸಿಲ್ಲ. ಮ್ಯಾಡಮ್ ಚೀಲದಿಂದ ಕಿತ್ತಳೆ ತೆಗೆದು ಹಂಚಿದರು. ಪಿನ್ನು ತಿರುಗತೊಡಗಿ ಒಂದೂವರೆ ಗಂಟೆಯಾದಾಗ ಜಯವ್ವ ಟ್ರಂಕಿನ ಬೀಗ ತೆಗೆದು, ಮನೆಯ ಒಲೆಯಲ್ಲೇ ಹಪ್ಪಳ ಸುಟ್ಟು ತಂದರು. ಎರಡು ಗಂಟೆ ತುಂಬಿದಾಗ ರಾಮಲಿಂಗಪ್ಪನವರ ಕೈ ಅಭ್ಯಾಸಬಲದಿಂದ ಸ್ವಿಚ್ಚಿನತ್ತ ಹೋಯಿತು, ಉಳಿದ ನಾಲ್ವರೂ ಒಟ್ಟಿಗೆ "ಏಯ್!" ಎಂದರು. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕಿರುಚವ್ವ ತಟ್ಟನೆ ಸುಮ್ಮನಾದಳು. ಲೈಟು ಹೋಗಿತ್ತು. ವಾಡಿಗೆ ವಾಡಿಯೇ ಕರೆಂಟಿಲ್ಲ.

ಮ್ಯಾಡಮ್ ಪಿನ್ನು ಹೊರತೆಗೆದು ಬೆಳಕಿಗೆ ಹಿಡಿದರು. ದವಡೆ ಉಜ್ಜಿದಲ್ಲಿ ಕನ್ನಡಿಯಂಥ ಕಪ್ಪು ಹೊಳಪು. ಉಕ್ಕು ಎಲ್ಲೂ ಕಾಣಲಿಲ್ಲ.

"ಇನ್ನೂರು ಪಿನ್ನು ಮೊದಲ ಕಳಸ್ರಿ ಕಾಕಾ," ಎಂದರು. "ಬರೋಬರ್ ಆದದ್ದನ್ನ ತೋರಿಸಾವ್ರು ಭಾಳ ಮಂದಿ ಅದಾರ. ಯಾವುದು ಕೆಡತೈತಿ, ಯಾಕ ಕೆಡತೈತಿ ಅಂತ ಮೊದಲ ಹೇಳಾವ್ರು ಸಿಗೂದಿಲ್ಲ. ಪ್ರತಿ ಪಿನ್ನು ಭಟ್ಟ್ಯಾಗ ಎಲ್ಲಿ ತೂಗಿತ್ತು ಅನ್ನೂದು ಬರದು ಕಳಸಬೇಕು. ಬರಿಯೂದು ಈ ತಂಗಿ."

"ನನಗ ಮರಾಠಿ ಅಷ್ಟ ಬರಿಯಾಕ ಬರತೈತ್ರಿ," ಎಂದಳು ಶಾಂಭವಿ. "ಎಂಟನೇ ಇಯತ್ತೆ ತನಕಾ."

"ಭಟ್ಟಿಗೆ ಅಷ್ಟು ಸಾಕು. ಭಟ್ಟಿ ಈಕೀ ಕೈಯಾಗ ಇರಲಿ ಕಾಕಾ."

"ಇದ್ದೇ ಐತ್ರಿ," ಎಂದರು ರಾಮಲಿಂಗಪ್ಪ, ಇದೇನು ಹೊಸ ಮಾತು ಎನ್ನುವ ಹಾಗೆ. "ಮತ್ತ ಆ ಮಾರಿ ವಿಚಾರ ರೀ ಮ್ಯಾಡಮ್, ನಾ ಅಂದದ್ದು ಗಿರ‍್ಯಾನ ಮಾರಿ ಬಗ್ಗೆ."

"ನನ್ನ ಮಾರಿಗೆ ಏನಾಗೇತ್ರಿ?" ಎಂದ ಗಿರಿಧರ.

ಊಟಕ್ಕೆ ಕುಳಿತಾಗ ಗಡಿಯಾರದಲ್ಲಿ ಎರಡು ದಾಟಿತ್ತು. ಬೆಳಿಗ್ಗೆಯಿಂದ ಭಟ್ಟಿ ಹೊತ್ತಿಸಿರಲಿಲ್ಲ, ಈಗ ಕರೆಂಟೂ ಇಲ್ಲ. ಎಲ್ಲರ ಡಬ್ಬಿಗಳೂ ಒಂದೇ ಮೇಜಿನ ಮೇಲೆ. ರಾಮಲಿಂಗಪ್ಪನವರು ರೊಟ್ಟಿ ಮುರಿಯಲು ಹೋದರು, ಅದು ಮುರಿಯದೆ ಮಡಿಚಿಕೊಂಡಿತು. ಗಿರಿಧರ ತನ್ನ ಅನ್ನದ ಗಡ್ಡೆಯನ್ನು ಬೆರಳಿನಿಂದ ಒತ್ತಿ ನೋಡಿ ಮುಖ ಸೊಟ್ಟಗೆ ಮಾಡಿದ. ಶಾಂಭವಿಗೆ ನಿನ್ನೆಯ ನಗು ಮತ್ತೆ ಹೊಟ್ಟೆಯಿಂದ ಏಳತೊಡಗಿತು.

"ಬಿಸಿ ಐತೇನವಾ?" ಎಂದು ರಾಮಲಿಂಗಪ್ಪನವರು ಅಭ್ಯಾಸಕ್ಕೆ ಕೇಳಿದರು.

"ತಣ್ಣಗ ಐತ್ರಿ ಕಾಕಾ," ಎಂದಳು. "ಎಂಟು ತಿಂಗಳಾತು."

ರಾಮಲಿಂಗಪ್ಪನವರ ಕೈಯ ರೊಟ್ಟಿ ತಟ್ಟೆಗೆ ಬಿತ್ತು. ಜಯವ್ವ ಗಂಡನ ಕಡೆ ನೋಡಿದ ನೋಟಕ್ಕೆ ಕರೆಂಟಿಲ್ಲದೆಯೂ ಭಟ್ಟಿ ಹೊತ್ತಿಕೊಳ್ಳಬಹುದಾಗಿತ್ತು. ಮೊದಲು ನಕ್ಕವರು ಕುಮುದಾ ಮ್ಯಾಡಮ್. ಆಮೇಲೆ ಯಾರು ಯಾವಾಗ ನಕ್ಕರೋ ತಿಳಿಯಲಿಲ್ಲ. ಶಾಂಭವಿಯ ಮೂಗಿಗೆ ಮತ್ತೆ ಅನ್ನದ ಅಗಳು ಏರಿತು, ಗಿರಿಧರ ಮತ್ತೆ ನೀರಿನ ಬಾಟಲಿ ಹಿಡಿದ.

"ಸೋಮವಾರದಿಂದ ನಡೂ ಜಾಗ ನಿಂದು," ಎಂದ ಅವನು ದೊಡ್ಡ ಮನಸ್ಸು ಮಾಡಿ. "ನಾ ಕಾಕಾನ ಬಾಜೂ ಇಡತೀನಿ. ನನಗೂ ಖಡಕ್ ರೊಟ್ಟಿ ಅಂದ್ರ ಇಷ್ಟನ."

"ನಿನ್ನ ಡಬ್ಬ್ಯಾಗ ಅನ್ನ ಇರತೈತಲ್ಲೋ," ಎಂದಳು ಶಾಂಭವಿ.